ಗುಡ್ಡದ ಮೇಲಿನ ಕೊಲಂಬಿಯಾ, ಗುಡ್ಡದ ಕೆಳಗಿನ ಕೇರಿ

1

ನಮ್ಮ ಕೇರಿಯಲ್ಲಿ ಅಂಬೇಡ್ಕರ್ ಜಯಂತಿ ಎಂದರೆ ಮೂರು ಮಾತು ತಪ್ಪದೆ ಬರುತ್ತಿದ್ದವು: ಬರೋಡಾ ಮಹಾರಾಜ, ಕೊಲಂಬಿಯಾ ವಿಶ್ವವಿದ್ಯಾನಿಲಯ, ಸಂವಿಧಾನ. ಭಾಷಣಕ್ಕೆ ಬಂದವರು ತಾಲ್ಲೂಕಿನ ಸಂಘಟನೆಯವರಿರಲಿ, ಹೈಸ್ಕೂಲು ಮೇಷ್ಟ್ರಿರಲಿ, ಕೊಲಂಬಿಯಾ ಎನ್ನುವಾಗ ಅವರ ದನಿ ಏರುತ್ತಿತ್ತು. ನಮ್ಮವ್ವ ಆ ಹೆಸರು ಕೇಳಿದ್ದು ಹಾಗೆ. ನಾನಾಗ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದೆ. ರಾತ್ರಿ ಉಣ್ಣಲು ಕೂತಾಗ ಕೇಳಿದಳು:

"ಅದೇನ್ ಮಗ ಕೊಲಂಬ್ಯ? ಯಾವ್ ಸೀಮೇಲದೆ?"

ಅಮೆರಿಕಾದಲ್ಲಿ ಕಣವ್ವ, ದೊಡ್ಡ ಕಾಲೇಜು ಅಂದೆ.

"ಅಲ್ಲಿ ಅವ್ರ್ನ ಒಳೀಕ್ ಬುಟ್ರಾ?"

ಬಿಟ್ಟರು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದಳು: "ಅಲ್ಲಿ ಎಲ್ರುನೂ ಬುಡ್ತಾರಾ?"

ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಬಿಡ್ತಾರೆ ಅಂದೆ. ಆ ಉತ್ತರ ತಪ್ಪು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಈ ಲೇಖನ ಒಂದು ರೀತಿಯಲ್ಲಿ ಅವ್ವನಿಗೆ ಕೊಡಬೇಕಾಗಿದ್ದ ಉತ್ತರ.

ಇದನ್ನು ಈಗ ಬರೆಯಲು ಕಾರಣವಿದೆ. ಜಗತ್ತಿನ ಶ್ರೇಷ್ಠ ವಿಶ್ವವಿದ್ಯಾನಿಲಯಗಳ ಪಟ್ಟಿ ಎಂಬುದು ಇಂದು ವರ್ಷಕ್ಕೆ ಹಲವು ಸಲ ಬರುತ್ತದೆ. ಯಾವುದು ಒಂದನೆಯದು, ಯಾವುದು ಇಳಿಯಿತು, ನಮ್ಮದು ಎಷ್ಟನೆಯದು ಎಂದು ಪತ್ರಿಕೆಗಳು ಬರೆಯುತ್ತವೆ. ನಮ್ಮ ಹುಡುಗರೂ ಈ ಮಾತನ್ನು ಕಲಿತಿದ್ದಾರೆ. ಯಾರಾದರೂ 'ಕೋಟಾ' ಎಂದು ಹೀಯಾಳಿಸಿದರೆ, "ನಮ್ಮ ಬಾಬಾಸಾಹೇಬರು ಜಗತ್ತಿನ ಟಾಪ್ ಯೂನಿವರ್ಸಿಟಿಯಲ್ಲಿ ಓದಿದವರು" ಎಂದು ಎದೆ ಸೆಟೆಸಿ ಹೇಳುತ್ತಾರೆ. ಆ ಹೆಮ್ಮೆ ನನಗೆ ಅರ್ಥವಾಗುತ್ತದೆ, ನಾನೂ ಹಾಗೇ ಹೇಳಿದವನು. ಆದರೆ ಆ ಮಾತಿನಲ್ಲಿ ಒಂದು ಅಪಾಯವಿದೆ. ಗೌಡರ ಮನೆಯ ಕೊಳಗದಲ್ಲಿ ನಮ್ಮ ಕೂಲಿಯ ರಾಗಿ ಅಳೆಸಿಕೊಂಡ ಹಾಗೆ ಅದು. ಕೊಳಗ ಮಾಡಿದವರು ಯಾರು, ಅದರ ತಳ ಎಷ್ಟು ದಪ್ಪ ಎಂದು ಕೇಳದೆ ಅಳತೆ ಒಪ್ಪಿಕೊಂಡರೆ ಮೋಸ ಹೋಗುವವರು ನಾವೇ. ಶ್ರೇಷ್ಠತೆ ಎಂಬ ಈ ಕೊಳಗದ ಚರಿತ್ರೆಯನ್ನು ಕೊಲಂಬಿಯಾದ ಬಾಗಿಲಲ್ಲೇ ನಿಂತು ನೋಡುವುದು ಇಲ್ಲಿನ ಉದ್ದೇಶ.

2

ಕೊಲಂಬಿಯಾ ಹುಟ್ಟಿದ್ದು 1754ರಲ್ಲಿ, ಇಂಗ್ಲೆಂಡಿನ ದೊರೆ ಎರಡನೆಯ ಜಾರ್ಜ್ ಕೊಟ್ಟ ಸನ್ನದಿನಿಂದ. ಆಗ ಅದರ ಹೆಸರು ಕಿಂಗ್ಸ್ ಕಾಲೇಜು. ಅಮೆರಿಕಾ ಸ್ವತಂತ್ರವಾದ ಮೇಲೆ ದೊರೆಯ ಹೆಸರು ಬೇಡವಾಗಿ 1784ರಲ್ಲಿ ಕೊಲಂಬಿಯಾ ಎಂದು ಕರೆದರು. ಹೊಸ ಹೆಸರು ಬಂದದ್ದೂ ಕೊಲಂಬಸ್‌ನಿಂದಲೇ. ಆ ನೆಲದ ಮೂಲ ಜನರಿಗೆ ಅವನೇನೂ ಬಿಡುಗಡೆ ತಂದವನಲ್ಲ.

ಆ ಕಾಲದ ನ್ಯೂಯಾರ್ಕ್ ಗುಲಾಮರನ್ನು ಕೊಂಡು ಮಾರುತ್ತಿದ್ದ ಊರು. ಕಾಲೇಜನ್ನು ಕಟ್ಟಿ ನಡೆಸಿದವರಲ್ಲಿ ಆ ಊರಿನ ಸಿರಿವಂತ ವರ್ತಕರಿದ್ದರು. ಇದನ್ನು ಹೇಳಿದ್ದು ಹೊರಗಿನವರಲ್ಲ. ಅದೇ ವಿಶ್ವವಿದ್ಯಾನಿಲಯದ ಹೆಸರಾಂತ ಚರಿತ್ರೆಕಾರ ಎರಿಕ್ ಫೋನರ್ ತಮ್ಮ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಹಳೆಯ ಕಡತಗಳನ್ನು ತೆಗೆಸಿ, 2017ರಲ್ಲಿ ವರದಿ ಪ್ರಕಟಿಸಿದರು. 1754ರಿಂದ ಅಮೆರಿಕಾದ ಅಂತರ್ಯುದ್ಧ ಮುಗಿಯುವವರೆಗೆ ಕಾಲೇಜಿಗೆ ಅಧ್ಯಕ್ಷರಾದವರು ಹತ್ತು ಜನ. ಅವರಲ್ಲಿ ಕನಿಷ್ಠ ಅರ್ಧದಷ್ಟು ಜನ ಬದುಕಿನ ಒಂದಲ್ಲ ಒಂದು ಹೊತ್ತಿನಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವರು. ಮೊದಲ ನಾಲ್ವರು ಖಜಾಂಚಿಗಳೂ ಹಾಗೆಯೇ. 1773ರಲ್ಲಿ ಜಾರ್ಜ್ ವಾಷಿಂಗ್ಟನ್‌ನ ಮಲಮಗ ಓದಲು ಬಂದಾಗ ಪುಸ್ತಕದ ಪೆಟ್ಟಿಗೆಯ ಜೊತೆಗೆ ಜೋ ಎಂಬ ಗುಲಾಮನನ್ನೂ ಕರೆತಂದ. ಹೀಗೆ ಕಪ್ಪು ಮನುಷ್ಯ ಆ ಕಾಲೇಜಿನ ಒಳಗೆ ಮೊದಲಿನಿಂದಲೂ ಇದ್ದ. ಪಾಠ ಕೇಳಲು ಮಾತ್ರ ಇರಲಿಲ್ಲ.

ಇದು ನಮಗೆ ಗುರುತಿಲ್ಲದ ಸಂಗತಿಯೇ? ನಮ್ಮವರೂ ದೊಡ್ಡಮನೆಗಳ ಅಂಗಳ ಗುಡಿಸಿದ್ದಾರೆ, ಸೌದೆ ಒಡೆದು ಹಾಕಿದ್ದಾರೆ. ನಡುಮನೆಗೆ ಹೋಗಿಲ್ಲ.

ಪಾಠ ಕೇಳುತ್ತೇನೆಂದು ಬಂದವನ ಕಥೆಯೂ ಇದೆ. ಜೇಮ್ಸ್ ಮೆಕ್ಯೂನ್ ಸ್ಮಿತ್ 1813ರಲ್ಲಿ ನ್ಯೂಯಾರ್ಕಿನಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದವನು. 1827ರಲ್ಲಿ ಆ ರಾಜ್ಯದಲ್ಲಿ ಗುಲಾಮಗಿರಿ ಕೊನೆಗೊಂಡಿತು. ಕರಿಯರಿಗಾಗಿ ಇದ್ದ ಶಾಲೆಯಲ್ಲಿ ಓದಿ ಎಲ್ಲರ ಕಣ್ಣಿಗೆ ಬಿದ್ದ ಈ ಹುಡುಗ ವೈದ್ಯನಾಗಬೇಕೆಂದು ಕೊಲಂಬಿಯಾಕ್ಕೆ ಅರ್ಜಿ ಹಾಕಿದ. ಬಣ್ಣದ ಕಾರಣಕ್ಕೆ ಬಾಗಿಲು ಮುಚ್ಚಿತು. ಕೊನೆಗೆ ಹಡಗು ಹತ್ತಿ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿ 1837ರಲ್ಲಿ ವೈದ್ಯ ಪದವಿ ಪಡೆದು ಹಿಂದಿರುಗಿದ. ವೈದ್ಯ ಪದವಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅವನೇ.

ಹಾಗಾದರೆ ಗ್ಲಾಸ್ಗೋ ಪುಣ್ಯಭೂಮಿ, ಕೊಲಂಬಿಯಾ ಪಾಪಭೂಮಿ ಎಂದುಕೊಳ್ಳಬೇಕಾಗಿಲ್ಲ. ಗ್ಲಾಸ್ಗೋ ವಿಶ್ವವಿದ್ಯಾನಿಲಯವೂ 2018ರಲ್ಲಿ ತನ್ನ ಲೆಕ್ಕ ತೆಗೆಯಿತು. ಗುಲಾಮಗಿರಿಯಿಂದ ದುಡಿದವರು ಕೊಟ್ಟ ದಾನದತ್ತಿಗಳಿಂದ ತನಗೆ ಬಂದ ಲಾಭ, ಇಂದಿನ ಬೆಲೆಯಲ್ಲಿ, ಕಡಿಮೆ ಎಂದರೆ ಸುಮಾರು 1.7 ಕೋಟಿ ಪೌಂಡ್, ಹೆಚ್ಚೆಂದರೆ ಸುಮಾರು 20 ಕೋಟಿ ಪೌಂಡ್ ಎಂದು ಒಪ್ಪಿಕೊಂಡಿತು. ಒಂದು ಕಡೆ ಗುಲಾಮರ ಬೆವರಿನ ದುಡ್ಡು, ಇನ್ನೊಂದು ಕಡೆ ಗುಲಾಮನಾಗಿದ್ದವನಿಗೆ ಪದವಿ. ದೊಡ್ಡ ವಿಶ್ವವಿದ್ಯಾನಿಲಯಗಳ ಚರಿತ್ರೆ ಹೀಗೆ ಎರಡು ನಾಲಿಗೆಯದು. ಕೀರ್ತಿಯ ಕಥೆ ಹೇಳುವವರು ಒಂದೇ ನಾಲಿಗೆಯಲ್ಲಿ ಹೇಳುತ್ತಾರೆ.

3

ವಿಶ್ವವಿದ್ಯಾನಿಲಯಗಳನ್ನು ಸಾಲಾಗಿ ನಿಲ್ಲಿಸಿ ನಂಬರು ಕೊಡುವ ಪದ್ಧತಿ ಎಲ್ಲಿಂದ ಬಂತು? ಇದನ್ನು ಹುಡುಕಿಕೊಂಡು ಹೋದಾಗ ನನಗೆ ದೊಡ್ಡ ಅಚ್ಚರಿ ಕಾದಿತ್ತು. ಆ ದಾರಿಯೂ ಹೋಗಿ ಮುಟ್ಟುವುದು ಕೊಲಂಬಿಯಾವನ್ನೇ.

ಜೇಮ್ಸ್ ಮೆಕೀನ್ ಕ್ಯಾಟೆಲ್ 1891ರಿಂದ 1917ರವರೆಗೆ ಅಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ. ಅದಕ್ಕೂ ಮೊದಲು ಲಂಡನ್ನಿನಲ್ಲಿ ಫ್ರಾನ್ಸಿಸ್ ಗಾಲ್ಟನ್‌ನ ಜೊತೆ ಕೆಲಸ ಮಾಡಿದ್ದವನು, ಅವನನ್ನು ಗುರುವೆಂದು ಆರಾಧಿಸಿದವನು. ಗಾಲ್ಟನ್ ಯಾರು? ಪ್ರತಿಭೆ ಎಂಬುದು ರಕ್ತದಲ್ಲಿ ಹರಿದು ಬರುತ್ತದೆ, ದೊಡ್ಡವರ ಮಕ್ಕಳು ದೊಡ್ಡವರಾಗುವುದು ಹುಟ್ಟಿನ ಗುಣದಿಂದ ಎಂದು 1869ರಲ್ಲಿ ಪುಸ್ತಕ ಬರೆದವನು. 'ಒಳ್ಳೆಯ' ಮನುಷ್ಯರ ಸಂತತಿಯನ್ನು ಹೆಚ್ಚಿಸಬೇಕೆನ್ನುವ ಯುಜೆನಿಕ್ಸ್ ಎಂಬ ಹೆಸರನ್ನು 1883ರಲ್ಲಿ ಕಟ್ಟಿದವನು. ಶಿಷ್ಯ ಕ್ಯಾಟೆಲ್ ಎಷ್ಟು ನಂಬಿಕಸ್ಥನೆಂದರೆ, ಕಾಲೇಜು ಪ್ರಾಧ್ಯಾಪಕರ ಮಕ್ಕಳನ್ನೇ ಮದುವೆಯಾದರೆ ಒಬ್ಬೊಬ್ಬರಿಗೂ ಸಾವಿರ ಡಾಲರ್ ಕೊಡುತ್ತೇನೆ ಎಂದು ತನ್ನ ಮಕ್ಕಳಿಗೆ ಆಸೆ ತೋರಿಸಿದ್ದ.

ಇದಕ್ಕೆ ನಮ್ಮಲ್ಲಿ ಏನೆನ್ನುತ್ತಾರೆ? ಕುಲದೊಳಗೇ ಕೊಟ್ಟು ತರುವುದು ಎನ್ನುತ್ತಾರೆ.

ಈ ಕ್ಯಾಟೆಲ್ 1906ರಲ್ಲಿ ಅಮೆರಿಕಾದ ವಿಜ್ಞಾನಿಗಳ ಹೆಸರುಕೋಶವೊಂದನ್ನು ತಂದ. ಆಯಾ ವಿಷಯದ ಪ್ರಮುಖರನ್ನೇ ಕೇಳಿ, ಅವರ ಅಭಿಪ್ರಾಯದಲ್ಲಿ ಯಾರು ದೊಡ್ಡವರು ಎಂದು ಗೊತ್ತುಮಾಡಿ, ಸಾವಿರ ಜನರ ಹೆಸರಿನ ಮುಂದೆ ನಕ್ಷತ್ರ ಹಾಕಿದ. 1910ರ ಎರಡನೆಯ ಆವೃತ್ತಿಯಲ್ಲಿ, ನಕ್ಷತ್ರವಿರುವವರು ಯಾವ ಯಾವ ಸಂಸ್ಥೆಯಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಲೆಕ್ಕ ಹಾಕಿ ವಿಶ್ವವಿದ್ಯಾನಿಲಯಗಳ ಸಾಲು ಮಾಡಿದ. ಹಾರ್ವರ್ಡ್ ಮೊದಲು. ಅವನ ಕೊಲಂಬಿಯಾ ಕೂಡ ಮುಂದಿನ ಸಾಲಿನಲ್ಲೇ ಇತ್ತು. ದೊಡ್ಡವರು ದೊಡ್ಡವರೆಂದು ಹೇಳಿದವರೇ ದೊಡ್ಡವರು, ಅಂಥವರು ಹೆಚ್ಚಿದ್ದ ಜಾಗವೇ ದೊಡ್ಡ ಜಾಗ. ಪಂಕ್ತಿಯಲ್ಲಿ ಕೂತವರೇ ಪಂಕ್ತಿಗೆ ಯಾರು ಯೋಗ್ಯರೆಂದು ತೀರ್ಮಾನಿಸುವ ಈ ವಿಧಾನದ ಗುಣ ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಕ್ಯಾಟೆಲ್ ಬರೀ ಖಳನಾಯಕನಲ್ಲ ಎಂಬುದನ್ನೂ ಹೇಳಬೇಕು. ಒತ್ತಾಯದಿಂದ ಸೈನ್ಯಕ್ಕೆ ಸೇರಿಸಿಕೊಂಡವರನ್ನು ಯೂರೋಪಿನ ಯುದ್ಧಕ್ಕೆ ಕಳಿಸಬಾರದು ಎಂದದ್ದಕ್ಕೆ 1917ರಲ್ಲಿ ಕೊಲಂಬಿಯಾ ಅವನನ್ನೇ ಕೆಲಸದಿಂದ ತೆಗೆಯಿತು.

ಅದೇ ಕೊಲಂಬಿಯಾದಲ್ಲಿ ಅದೇ ವರ್ಷಗಳಲ್ಲಿ ಇನ್ನೊಬ್ಬರು ಪಾಠ ಹೇಳುತ್ತಿದ್ದರು, ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಸ್. ಜನಾಂಗಗಳಲ್ಲಿ ಮೇಲುಕೀಳು ಹುಟ್ಟಿನಿಂದ ಬಂದದ್ದೆನ್ನಲು ವಿಜ್ಞಾನದಲ್ಲಿ ಆಧಾರವಿಲ್ಲ ಎಂದು ಅವರು ವಾದಿಸಿದರು. ಅವರ ಶಿಷ್ಯ ಅಲೆಕ್ಸಾಂಡರ್ ಗೋಲ್ಡನ್‌ವೈಸರ್. 1916ರ ಮೇ 9ರಂದು ಈ ಗೋಲ್ಡನ್‌ವೈಸರ್ ನಡೆಸುತ್ತಿದ್ದ ವಿಚಾರಗೋಷ್ಠಿಯಲ್ಲಿ ಇಪ್ಪತ್ತೈದರ ಹರೆಯದ ಭೀಮರಾವ್ ಎದ್ದು ನಿಂತು ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಜಾತಿ ಜನಾಂಗದ ರಕ್ತಭೇದದಿಂದ ಹುಟ್ಟಿದ್ದಲ್ಲ. ಒಳಗೊಳಗೇ ಮದುವೆಯಾಗುವ ಕಟ್ಟು, ಆ ಕಟ್ಟನ್ನು ಉಳಿಸಲು ಹೆಣ್ಣಿನ ಮೇಲೆ ಹೇರಿದ ಕ್ರೌರ್ಯ, ಮೇಲಿನವರು ಬಾಗಿಲು ಹಾಕಿಕೊಂಡಾಗ ಕೆಳಗಿನವರು ಅದನ್ನು ನೋಡಿ ಕಲಿತದ್ದು, ಇವೇ ಜಾತಿಯ ಬೇರು ಎಂದು ವಾದಿಸಿದರು.

ಸ್ನೇಹಿತರೇ, ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಪ್ರತಿಭೆಗಾಗಿ ಮಕ್ಕಳು ಪ್ರಾಧ್ಯಾಪಕರ ಕುಲದಲ್ಲೇ ಮದುವೆಯಾಗಲಿ ಎನ್ನುವವನೂ, ಒಳಗೊಳಗೇ ಮದುವೆಯಾಗುವುದೇ ಕೇಡಿನ ಮೂಲ ಎನ್ನುವವರೂ ಒಂದೇ ಆವರಣದಲ್ಲಿದ್ದರು. ಕೊಲಂಬಿಯಾ ಎಂದರೆ ಒಂದಲ್ಲ, ಎರಡು. ಇಂದಿನ ಶ್ರೇಷ್ಠತೆಯ ಪಟ್ಟಿಗಳು ಕ್ಯಾಟೆಲ್‌ನ ಕೊಲಂಬಿಯಾದ ಮೊಮ್ಮಕ್ಕಳು. ಬಾಬಾಸಾಹೇಬರು ಓದಿದ್ದು ಇನ್ನೊಂದರಲ್ಲಿ. ಸೆಲಿಗ್ಮನ್, ಡ್ಯೂಯಿ, ಶಾಟ್‌ವೆಲ್, ರಾಬಿನ್ಸನ್ ಎಂಬ ಮೇಷ್ಟ್ರುಗಳನ್ನು ಅವರು ಕೊನೆಯವರೆಗೂ ನೆನೆದರು. ಅವರು ನೆನೆದದ್ದು ಮನುಷ್ಯರನ್ನು, ನಂಬರನ್ನಲ್ಲ. ನಮ್ಮ ಭಾಷಣಗಳು ಈ ಎರಡನ್ನೂ ಕಲಸಿಬಿಟ್ಟಿವೆ.

ಅದೇ 1916ರ ಜುಲೈನಲ್ಲಿ ಇಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ನಾಲ್ವಡಿಯವರ ಆಸಕ್ತಿ, ದಿವಾನ್ ವಿಶ್ವೇಶ್ವರಯ್ಯನವರ ಶ್ರಮ ಎರಡೂ ಅದರಲ್ಲಿದ್ದವು. ಎರಡೇ ವರ್ಷದಲ್ಲಿ, 1918ರಲ್ಲಿ, ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣರೇ ತುಂಬಿರುವುದನ್ನು ಪರಿಶೀಲಿಸಲು ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾದಾಗ ಅದೇ ದಿವಾನರು ಒಪ್ಪಲಿಲ್ಲ. ದಕ್ಷತೆ ಕೆಡುತ್ತದೆ ಎಂಬುದು ಅವರ ವಾದ. ಕೊನೆಗೆ ದಿವಾನಗಿರಿ ಬಿಟ್ಟರು. ದಕ್ಷತೆ, ಪ್ರತಿಭೆ, ಶ್ರೇಷ್ಠತೆ: ಈ ಪದಗಳು ನಮ್ಮ ನಾಡಿನಲ್ಲಿ ಕಾವಲುಗಾರರಾಗಿ ನಿಂತು ನೂರು ವರ್ಷದ ಮೇಲಾಯಿತು.

4

ಕೊಲಂಬಿಯಾದ ಕೀರ್ತಿ ಬಾಬಾಸಾಹೇಬರಿಗೆ ಊರಿನಲ್ಲಿ ಏನು ಕೊಟ್ಟಿತು? 1917ರಲ್ಲಿ ಬರೋಡಾಕ್ಕೆ ನೌಕರಿಗೆ ಬಂದಾಗ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ತಂಗುಮನೆಯಲ್ಲಿ ಪಾರ್ಸಿ ಹೆಸರು ಇಟ್ಟುಕೊಂಡು ಉಳಿದರು. ಕೆಲವೇ ದಿನಗಳಲ್ಲಿ ದೊಣ್ಣೆ ಹಿಡಿದವರು ಮೆಟ್ಟಿಲು ಹತ್ತಿ ಬಂದು ಹೊರಗೆ ಹೋಗೆಂದರು. ನ್ಯೂಯಾರ್ಕಿನ ಎಂ.ಎ. ಪದವಿ, ಆ ದೊಡ್ಡ ದೊಡ್ಡ ಮೇಷ್ಟ್ರುಗಳು ಮೆಚ್ಚಿದ ಬುದ್ಧಿ, ಯಾವುದೂ ಆ ದೊಣ್ಣೆಯನ್ನು ತಡೆಯಲಿಲ್ಲ. ಇದನ್ನು ಅವರೇ ಬರೆದಿದ್ದಾರೆ, ಕನ್ನಡದಲ್ಲೂ ಓದಲು ಸಿಗುತ್ತದೆ. ಜಾತಿ ಎದುರು ನಿಂತಾಗ ಪದವಿಯ ಬೆಲೆ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಅವರು ಬಿಟ್ಟುಬಂದ ಕೊಲಂಬಿಯಾದ ಬಾಗಿಲು ಉಳಿದವರಿಗೆ ಹೇಗಿತ್ತು?

ಯಹೂದಿ ವಲಸೆಗಾರರ ಮಕ್ಕಳು ಪರೀಕ್ಷೆಯಲ್ಲಿ ಹೆಚ್ಚು ಹೆಚ್ಚು ಅಂಕ ಪಡೆದು ಒಳಬರತೊಡಗಿದಾಗ, ನಿಕೊಲಸ್ ಮರ್ರೆ ಬಟ್ಲರ್ ಅಧ್ಯಕ್ಷನಾಗಿದ್ದ ಕೊಲಂಬಿಯಾ 1919ರ ಸುಮಾರಿಗೆ ಪ್ರವೇಶದ ನಿಯಮವನ್ನೇ ಬದಲಿಸಿತು. ಅಂಕ ಮಾತ್ರ ಸಾಲದು, ಧರ್ಮ ಯಾವುದು, ಅಪ್ಪ ಎಲ್ಲಿ ಹುಟ್ಟಿದವನು, ನಡತೆ ಹೇಗೆ ಎಂದು ಅರ್ಜಿಯಲ್ಲಿ ಕೇಳಿದರು. ಕೆಲವೇ ವರ್ಷಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಪಾಲು ಸುಮಾರು ಅರ್ಧಕ್ಕೆ ಇಳಿಯಿತು. 1928ರಲ್ಲಿ ಬ್ರೂಕ್ಲಿನ್‌ನಲ್ಲಿ ಸೇತ್ ಲೋ ಎಂಬ ಬೇರೆ ಕಾಲೇಜು ತೆರೆದರು. ಮುಂದೆ ಹೆಸರಾಂತ ಲೇಖಕನಾದ ಐಸಾಕ್ ಅಸಿಮೋವ್‌ಗೂ 1935ರಲ್ಲಿ ಮುಖ್ಯ ಕಾಲೇಜು ಸಿಗದೆ ಸಿಕ್ಕಿದ್ದು ಅಲ್ಲಿಯೇ. ಗಮನಿಸಿ: ಅಂಕ ತಮ್ಮವರ ಕಡೆಗಿದ್ದಷ್ಟು ದಿನ ಅಂಕವೇ ಪ್ರತಿಭೆ. ಅಂಕ ಬೇರೆಯವರ ಕಡೆಗೆ ಹೋದಕೂಡಲೇ ಪ್ರತಿಭೆ ಅಂದರೆ ಬೇರೆ ಏನೋ.

ಬಾಬಾಸಾಹೇಬರು ಮೊದಲ ದಿನಗಳಲ್ಲಿ ಉಳಿದಿದ್ದ ಹಾರ್ಟ್ಲಿ ಹಾಲ್ ಎಂಬ ಹಾಸ್ಟೆಲಿಗೆ 1921ರಲ್ಲಿ ಕವಿ ಲ್ಯಾಂಗ್ಸ್‌ಟನ್ ಹ್ಯೂಸ್ ಬಂದ. ಅರ್ಜಿ ಕಳಿಸಿದ್ದು ಮೆಕ್ಸಿಕೋದಿಂದ. ಎದುರಿಗೆ ಬಂದು ನಿಂತಾಗ ಕಪ್ಪು ಹುಡುಗ! ಕೋಣೆ ಕೊಡಲು ಹಿಂದೆಮುಂದೆ ನೋಡಿದರು. ಕೋಣೆ ಸಿಕ್ಕಿತು, ಮನಸ್ಸು ನಿಲ್ಲಲಿಲ್ಲ. ಒಂದೇ ವರ್ಷಕ್ಕೆ ಬಿಟ್ಟು ಹೋದ. 1924ರಲ್ಲಿ ಇನ್ನೊಂದು ಹಾಸ್ಟೆಲಿನಲ್ಲಿ ಒಬ್ಬ ಕಪ್ಪು ವಿದ್ಯಾರ್ಥಿ ಇದ್ದಾನೆಂಬ ಕಾರಣಕ್ಕೆ ಅದರ ಎದುರಿನ ಬಯಲಿನಲ್ಲಿ ಶಿಲುಬೆಗೆ ಬೆಂಕಿ ಹಚ್ಚಿದರು. ಕರಿಯರನ್ನು ಹೆದರಿಸಲು ಬಿಳಿಯ ಗುಂಪುಗಳು ಬಳಸುತ್ತಿದ್ದ ಗುರುತು ಅದು.

ಹಾಗಿದ್ದೂ ದೂರದ ಭಾರತದ ಅಸ್ಪೃಶ್ಯನಿಗೆ ಅಲ್ಲಿ ಸ್ನೇಹ ಸಿಕ್ಕಿತು, ಮಾತಾಡುವ ಧೈರ್ಯ ಸಿಕ್ಕಿತು. ಅದು ಸುಳ್ಳಲ್ಲ. ನಮ್ಮ ಊರಿನ ಗೌಡ ಪಕ್ಕದೂರಿನ ದಲಿತ ನೌಕರನನ್ನು ಜಗುಲಿಯ ಮೇಲೆ ಕೂರಿಸಿ ಕಾಫಿ ಕೊಡಬಹುದು, ತನ್ನೂರಿನ ಜೀತದವನಿಗೆ ಕೊಡಲಾರ. ಯಾಕೆಂದರೆ ತನ್ನೂರಿನವನ ಜೊತೆ ಅವನಿಗೆ ಹೊಲದ ಲೆಕ್ಕವಿದೆ.

ಹೊಲದ ಲೆಕ್ಕ ಎಂದೆನಲ್ಲ, ಅದನ್ನು ನೋಡಲು ಕೊಲಂಬಿಯಾದ ನೆಲ ನೋಡಬೇಕು. 1897ರಿಂದ ವಿಶ್ವವಿದ್ಯಾನಿಲಯ ಇರುವುದು ಮಾರ್ನಿಂಗ್‌ಸೈಡ್ ಹೈಟ್ಸ್ ಎಂಬ ಎತ್ತರದ ಮೇಲೆ. ಅದರ ಪೂರ್ವಕ್ಕೆ ಕಡಿದಾದ ಬಂಡೆಯ ಇಳಿಜಾರು, ಇಳಿಜಾರಿನ ಉದ್ದಕ್ಕೂ ಮಾರ್ನಿಂಗ್‌ಸೈಡ್ ಪಾರ್ಕು, ಪಾರ್ಕಿನ ಕೆಳಗೆ ಹಾರ್ಲೆಮ್, ಅಂದರೆ ಕರಿಯರ ಕೇರಿ. ಮೇಲೆ ಊರು, ಕೆಳಗೆ ಕೇರಿ, ನಡುವೆ ಗಡಿ. ನಾನು ನಕ್ಷೆಯಲ್ಲಿ ಇದನ್ನು ಮೊದಲು ನೋಡಿದಾಗ ನಗು ಬಂತು. ನಮ್ಮಲ್ಲಿ ಗಡಿಗೆ ಹಳ್ಳವಿರುತ್ತದೆ, ಅಷ್ಟೇ ವ್ಯತ್ಯಾಸ.

1960ರ ದಶಕದಲ್ಲಿ ಕೊಲಂಬಿಯಾ ಈ ಪಾರ್ಕಿನಲ್ಲಿ, ಅಂದರೆ ಎಲ್ಲರಿಗೂ ಸೇರಿದ ಜಾಗದಲ್ಲಿ, ತನಗೊಂದು ವ್ಯಾಯಾಮಶಾಲೆ ಕಟ್ಟಲು ಹೊರಟಿತು. ನಕ್ಷೆಯ ಪ್ರಕಾರ ವಿದ್ಯಾರ್ಥಿಗಳಿಗೆ ಗುಡ್ಡದ ಮೇಲಿನಿಂದ ಬಾಗಿಲು. ಹಾರ್ಲೆಮ್‌ನವರಿಗೆ ಕಟ್ಟಡದ ಒಂದು ಸಣ್ಣ ಪಾಲು, ಅದಕ್ಕೆ ಗುಡ್ಡದ ಬುಡದಿಂದ ಬೇರೆ ಬಾಗಿಲು. ನಮ್ಮ ಹೋಟೆಲುಗಳಲ್ಲಿ ಬೇರೆ ಲೋಟ ಇಟ್ಟ ಹಾಗೆ. ಅಮೆರಿಕಾ ಸಂಯುಕ್ತ ಸಂಸ್ಥಾನದ ದಕ್ಷಿಣದ ರಾಜ್ಯಗಳಲ್ಲಿ ಕರಿಯರನ್ನು ಬೇರೆ ಇಡುವ ಕಾನೂನುಗಳಿಗೆ 'ಜಿಮ್ ಕ್ರೋ' ಎಂಬ ಹೆಸರಿತ್ತು. ವ್ಯಾಯಾಮಶಾಲೆಗೂ ಅವರ ಭಾಷೆಯಲ್ಲಿ ಜಿಮ್ ಎಂದೇ ಹೆಸರು. ಇದು ಹೊಸ ಜಿಮ್ ಕ್ರೋ ಎಂದು ಜನ ಆಡಿಕೊಂಡರು. 1968ರ ಏಪ್ರಿಲ್ 23ರಿಂದ ವಿದ್ಯಾರ್ಥಿಗಳು ಕಟ್ಟಡಗಳನ್ನು ವಶಪಡಿಸಿಕೊಂಡರು. ವಿಯೆಟ್ನಾಂ ಯುದ್ಧಕ್ಕೆ ವಿಶ್ವವಿದ್ಯಾನಿಲಯ ಕೊಡುತ್ತಿದ್ದ ನೆರವು ಒಂದು ಕಾರಣ, ಈ ಬಾಗಿಲು ಇನ್ನೊಂದು. ಹ್ಯಾಮಿಲ್ಟನ್ ಹಾಲನ್ನು ಕಪ್ಪು ವಿದ್ಯಾರ್ಥಿಗಳು ಹಿಡಿದು ನಿಂತರು, ಹಾರ್ಲೆಮ್‌ನ ಜನ ಅವರ ಬೆನ್ನಿಗೆ ನಿಂತರು. ಏಪ್ರಿಲ್ 30ರ ನಸುಕಿನಲ್ಲಿ ಪೊಲೀಸರು ನುಗ್ಗಿ ಸುಮಾರು 700 ಜನರನ್ನು ಬಂಧಿಸಿದರು. ಆದರೆ ವ್ಯಾಯಾಮಶಾಲೆ ಅಲ್ಲಿ ಏಳಲಿಲ್ಲ.

ಅವ್ವ ಕೇಳಿದ ಪ್ರಶ್ನೆಗೆ ಕೊಲಂಬಿಯಾದ ಚರಿತ್ರೆ ಕೊಡುವ ಉತ್ತರ ಇದು: ಎಲ್ಲರನ್ನೂ ಬಿಡುತ್ತಿರಲಿಲ್ಲ ಕಣವ್ವ. ಹೊರಗಿದ್ದವರು ಬಾಗಿಲು ಬಡಿದಾಗಲೆಲ್ಲ ಒಂದೊಂದು ಗೇಣು ತೆರೆದರು.

5

ಈಗ ಪಟ್ಟಿಗಳ ಕಾಲಕ್ಕೆ ಬರೋಣ. ಅಮೆರಿಕಾದ ಯು.ಎಸ್. ನ್ಯೂಸ್ ಪತ್ರಿಕೆ 1983ರಲ್ಲಿ ಮೊದಲ ಪಟ್ಟಿ ತಂದಾಗ ಮಾಡಿದ್ದಿಷ್ಟೇ: ಕಾಲೇಜು ಅಧ್ಯಕ್ಷರನ್ನು, ಯಾವ ಕಾಲೇಜು ಒಳ್ಳೆಯದು ಎಂದು ಕೇಳಿತು. ಜಗತ್ತಿನ ಮಟ್ಟದ ಪಟ್ಟಿಯನ್ನು 2003ರಲ್ಲಿ ಚೀನಾದ ಷಾಂಘೈನ ವಿಶ್ವವಿದ್ಯಾನಿಲಯವೊಂದು ತಂದಿತು. ಅದರಲ್ಲಿ ನೂರಕ್ಕೆ ಮೂವತ್ತು ಅಂಕ ನೊಬೆಲ್ ಮತ್ತು ಗಣಿತದ ಫೀಲ್ಡ್ಸ್ ಪದಕಗಳಿಗೆ. 2004ರಲ್ಲಿ ಲಂಡನ್ನಿನಿಂದ ಟೈಮ್ಸ್ ಮತ್ತು ಕ್ಯೂಎಸ್ ಸೇರಿ ತಂದ ಪಟ್ಟಿಯಲ್ಲಿ ಅರ್ಧದಷ್ಟು ಅಂಕ ಪ್ರಾಧ್ಯಾಪಕರ ಅಭಿಪ್ರಾಯಕ್ಕೆ. ಕ್ಯೂಎಸ್ ಬಹುಕಾಲ ನೂರಕ್ಕೆ ನಲವತ್ತನ್ನು ಇಂಥ ಅಭಿಪ್ರಾಯಕ್ಕೇ ಇಟ್ಟು, 2023ರಲ್ಲಿ ಮೂವತ್ತಕ್ಕೆ ಇಳಿಸಿತು. ಕೀರ್ತಿ ಇರುವವರಿಗೆ ಕೀರ್ತಿಗಾಗಿ ಅಂಕ. ಕ್ಯಾಟೆಲ್‌ನ ನಕ್ಷತ್ರವೇ ಕಂಪ್ಯೂಟರಿನೊಳಗೆ ಹೋಗಿ ಕೂತಿದೆ.

ಕೊಳಗದ ತಳ ಎಷ್ಟು ಪೊಳ್ಳೆಂದು ತೋರಿಸಿಕೊಟ್ಟದ್ದೂ ಕೊಲಂಬಿಯಾವೇ. 2021ರ ಯು.ಎಸ್. ನ್ಯೂಸ್ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನ ಹಂಚಿಕೊಂಡಿತ್ತು. 2022ರ ಫೆಬ್ರವರಿಯಲ್ಲಿ ಅಲ್ಲಿನ ಗಣಿತದ ಪ್ರಾಧ್ಯಾಪಕ ಮೈಕೆಲ್ ಥಾಡಿಯಸ್ ತಮ್ಮ ವಿಶ್ವವಿದ್ಯಾನಿಲಯ ಕೊಟ್ಟ ಅಂಕಿಸಂಖ್ಯೆಗಳು ನಿಜವಲ್ಲ ಎಂದು ಲೆಕ್ಕಸಮೇತ ಬರೆದರು. ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿರುವ ತರಗತಿಗಳು ನೂರಕ್ಕೆ 82ಕ್ಕೂ ಹೆಚ್ಚು ಎಂದಿದ್ದರು. ಆಮೇಲೆ ಕೊಲಂಬಿಯಾವೇ ಪ್ರಕಟಿಸಿದ ಲೆಕ್ಕದಲ್ಲಿ ಅದು ಸುಮಾರು 57. ಸೆಪ್ಟೆಂಬರಿನ ಪಟ್ಟಿಯಲ್ಲಿ ಎರಡರಿಂದ ಹದಿನೆಂಟಕ್ಕೆ ಇಳಿಯಿತು. 2023ರಲ್ಲಿ ಪದವಿ ಕಾಲೇಜುಗಳ ಆ ಪಟ್ಟಿಗೆ ಇನ್ನು ಮಾಹಿತಿಯನ್ನೇ ಕೊಡುವುದಿಲ್ಲ ಎಂದಿತು. ಆ ಒಂದು ವರ್ಷದಲ್ಲಿ ಅಲ್ಲಿನ ಗ್ರಂಥಾಲಯ ಸಣ್ಣದಾಯಿತೆ? ಮೇಷ್ಟ್ರುಗಳು ದಡ್ಡರಾದರೆ?

6

ಇದೆಲ್ಲ ಅಮೆರಿಕಾದ ತಾಪತ್ರಯ, ನಮಗೇಕೆ ಎನ್ನುವಂತಿಲ್ಲ. ಪಟ್ಟಿ ನಮ್ಮ ಬಾಗಿಲಿಗೂ ಬಂದಿದೆ.

2017ರಲ್ಲಿ ಕೇಂದ್ರ ಸರ್ಕಾರ 'ಇನ್‌ಸ್ಟಿಟ್ಯೂಷನ್ ಆಫ್ ಎಮಿನೆನ್ಸ್' ಎಂಬ ಯೋಜನೆ ಮಾಡಿತು. ಆಯ್ದ ಸಂಸ್ಥೆಗಳು ಹತ್ತು ವರ್ಷದಲ್ಲಿ ಜಗತ್ತಿನ ಮೊದಲ ಐನೂರರೊಳಗೆ, ಮುಂದೆ ನೂರರೊಳಗೆ ಬರಬೇಕು. 2018ರ ಮೊದಲ ಆರು ಹೆಸರುಗಳಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇತ್ತು, ಮಣಿಪಾಲವಿತ್ತು, ಇನ್ನೂ ಹುಟ್ಟಿಯೇ ಇರದ ಜಿಯೋ ಇನ್‌ಸ್ಟಿಟ್ಯೂಟ್ ಕೂಡ ಇತ್ತು. ಹುಟ್ಟುವ ಮೊದಲೇ ಶ್ರೇಷ್ಠತೆ ಸಿಗುವುದು ಈ ದೇಶಕ್ಕೆ ಹೊಸದಲ್ಲ.

2019ರಲ್ಲಿ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾನಿಲಯಕ್ಕೂ ಆ ಬಿರುದು ಸಿಕ್ಕಿತು. 2016ರ ಜನವರಿ 17ರಂದು ರೋಹಿತ್ ವೇಮುಲ ಪ್ರಾಣ ಬಿಟ್ಟದ್ದು ಅಲ್ಲಿ. ಹಾಸ್ಟೆಲಿನಿಂದ ಹೊರಹಾಕಿದ ಐವರು ದಲಿತ ಹುಡುಗರು ಆವರಣದ ಬಯಲಲ್ಲಿ ಬಿಡಾರ ಹಾಕಿ ಅದಕ್ಕೆ ವೆಲಿವಾಡ ಎಂದು ಹೆಸರಿಟ್ಟಿದ್ದರು. ತೆಲುಗಿನಲ್ಲಿ ಹಾಗೆಂದರೆ ಊರಾಚೆಯ ಕೇರಿ. ಜಗತ್ತಿನ ಯಾವ ಪಟ್ಟಿಯಲ್ಲಿ ಆ ವೆಲಿವಾಡಕ್ಕೆ ಅಂಕ ಕಳೆಯುವ ಕಾಲಂ ಇದೆ?

ಅದೇ 2019ರಲ್ಲಿ ಕೇಂದ್ರದ ವಿದ್ಯಾಸಂಸ್ಥೆಗಳ ಅಧ್ಯಾಪಕರ ನೇಮಕದಲ್ಲಿ ಮೀಸಲಾತಿಗೆ ಕಾಯ್ದೆ ಬಂತು. ಒಳ್ಳೆಯದೇ. ಆದರೆ ಅದರ ನಾಲ್ಕನೆಯ ಕಲಂ ಓದಿ. 'ಶ್ರೇಷ್ಠತೆಯ ಸಂಸ್ಥೆ'ಗಳೆಂದು ಪಟ್ಟಿ ಮಾಡಿದ ಕೆಲವಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅದರಲ್ಲಿದೆ, ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ. 2020ರಲ್ಲಿ ಒಂದು ಸರ್ಕಾರಿ ಸಮಿತಿ ಐಐಟಿಗಳನ್ನೂ ಆ ಪಟ್ಟಿಗೆ ಸೇರಿಸಿ ಎಂದಿತು. ಅಂದರೆ ಶ್ರೇಷ್ಠತೆ ಎಂಬ ಪದಕ್ಕೆ ಕಾಯ್ದೆಯೇ ಒಂದು ಅರ್ಥ ಕೊಟ್ಟಿದೆ: ಮೀಸಲಾತಿ ಇಲ್ಲದಿರುವುದು.

ಇನ್ನೊಂದು ಸಂಗತಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು. ದಲಿತ ವಿದ್ಯಾರ್ಥಿಗಳು ಹೊರದೇಶದಲ್ಲಿ ಓದಲು ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನವೊಂದಿದೆ. 1950ರ ದಶಕದಿಂದ ನಡೆದು ಬಂದದ್ದು. 2022ರಲ್ಲಿ ಇದ್ದದ್ದು 125 ಜನರಿಗೆ, ಅದರಲ್ಲಿ 115 ಪರಿಶಿಷ್ಟ ಜಾತಿಯವರಿಗೆ. ಆ ವರ್ಷದ ನಿಯಮದಲ್ಲಿ ಎರಡು ಮಾತು ಸೇರಿದ್ದವು. ಒಂದು, ಸೇರುವ ವಿಶ್ವವಿದ್ಯಾನಿಲಯ ಕ್ಯೂಎಸ್ ಪಟ್ಟಿಯ ಮೊದಲ ಐನೂರರಲ್ಲಿರಬೇಕು. ಎರಡು, ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆ, ಭಾರತದ ಸಮಾಜದ ಅಧ್ಯಯನ, ಇವುಗಳಿಗೆ ಹಣವಿಲ್ಲ.

ಎರಡನ್ನೂ ಜೊತೆಗಿಟ್ಟು ಓದಿ. ಕ್ಯಾಟೆಲ್‌ನ ಕೊಲಂಬಿಯಾಕ್ಕೆ ಹೋಗು, ಗೋಲ್ಡನ್‌ವೈಸರ್‌ನ ತರಗತಿಗೆ ಹೋಗಬೇಡ ಎಂದಂತೆ. ಈ ನಿಯಮ 1913ರಲ್ಲಿ ಇದ್ದಿದ್ದರೆ ಬಾಬಾಸಾಹೇಬರು ಕೊಲಂಬಿಯಾಕ್ಕೆ ಹೋಗಿ ಬೇರೇನನ್ನಾದರೂ ಓದಬಹುದಿತ್ತು. ಭಾರತದ ಜಾತಿಗಳ ಮೇಲಿನ ಆ ಪ್ರಬಂಧವನ್ನು ಅಧ್ಯಯನದ ವಿಷಯ ಮಾಡಿಕೊಳ್ಳುವಂತಿರಲಿಲ್ಲ. ಪ್ರಾಚೀನ ಭಾರತದ ವಾಣಿಜ್ಯದ ಬಗ್ಗೆ ಅವರು 1915ರಲ್ಲಿ ಬರೆದ ಎಂ.ಎ. ಪ್ರಬಂಧಕ್ಕೂ ಕತ್ತರಿ ಬೀಳುತ್ತಿತ್ತು. ಬಾಗಿಲು ತೆರೆದು ಬಾಯಿ ಮುಚ್ಚಿಸುವ ಹುನ್ನಾರ ಇದಲ್ಲದೆ ಮತ್ತೇನು?

7

ಹಾಗಾದರೆ ನಾವು ಅಂಥ ವಿಶ್ವವಿದ್ಯಾನಿಲಯಗಳಿಗೆ ಹೋಗಬಾರದೆ? ನಾನು ಹಾಗೆ ಹೇಳುತ್ತಿಲ್ಲ. ಹೋಗಬೇಕು, ನೂರಾರು ಜನ ಹೋಗಬೇಕು. ಹೋದವರು ಸುಮ್ಮನೆ ಕೂತಿಲ್ಲ ಎಂಬುದೂ ಸಂತೋಷದ ಸಂಗತಿ. ಅಮೆರಿಕಾದಲ್ಲಿ ದಲಿತ ವಿದ್ಯಾರ್ಥಿಗಳು, ಕೆಲಸಗಾರರು ದನಿ ಎತ್ತಿದ್ದರಿಂದ 2019ರಲ್ಲಿ ಬ್ರಾಂಡೈಸ್, 2022ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾನಿಲಯ, ಅದೇ ವರ್ಷ ಬ್ರೌನ್ ವಿಶ್ವವಿದ್ಯಾನಿಲಯಗಳು ತಾರತಮ್ಯ ನಿಷೇಧಿಸುವ ನಿಯಮದಲ್ಲಿ ಜಾತಿ ಎಂಬ ಪದ ಸೇರಿಸಿದವು. ಗುಲಾಮಗಿರಿಯ ಜೊತೆಗಿನ ತನ್ನ ನಂಟನ್ನು ಶೋಧಿಸಲು 2003ರಲ್ಲೇ ಸಮಿತಿ ಮಾಡಿದ್ದ ವಿಶ್ವವಿದ್ಯಾನಿಲಯ ಈ ಬ್ರೌನ್. ತನ್ನ ಚರಿತ್ರೆಯನ್ನು ಬಿಚ್ಚಿಟ್ಟುಕೊಂಡವರಿಗೆ ಇನ್ನೊಬ್ಬರ ನೋವು ಬೇಗ ಕೇಳಿಸುತ್ತದೇನೋ. ನಮ್ಮ ಯಾವ ವಿಶ್ವವಿದ್ಯಾನಿಲಯ ತನ್ನ ನೆಲ ಯಾರದಾಗಿತ್ತು, ಮೊದಲ ದಲಿತ ವಿದ್ಯಾರ್ಥಿ ಯಾವ ಬೆಂಚಿನಲ್ಲಿ ಕೂತ, ಎಷ್ಟು ಜನ ನಡುವೆಯೇ ಬಿಟ್ಟು ಹೋದರು ಎಂದು ಕಡತ ತೆಗೆದು ಕೂತಿದೆ? ಈ ಕೆಲಸ ಆಡಳಿತದವರು ಮಾಡಿಯಾರೆಂದು ಕಾಯಬೇಕಾಗಿಲ್ಲ. ಫೋನರ್ ಮಾಡಿಸಿದ್ದು ವಿದ್ಯಾರ್ಥಿಗಳಿಂದ. ಇದನ್ನು ಓದುವ ವಿದ್ಯಾರ್ಥಿ ಗೆಳೆಯರು ತಮ್ಮ ತಮ್ಮ ಕಾಲೇಜಿನ ಹಾಜರಿ ಪುಸ್ತಕ, ಹಾಸ್ಟೆಲಿನ ರಿಜಿಸ್ಟರುಗಳಿಂದಲೇ ಶುರುಮಾಡಬಹುದು. ದಲಿತ ವಿಮರ್ಶೆ ಎಂದರೆ ಕಥೆ ಕಾದಂಬರಿಗಳ ವಿಮರ್ಶೆ ಮಾತ್ರ ಎಂದು ನಾನು ತಿಳಿದಿಲ್ಲ. ಯಾವುದು ದೊಡ್ಡದು ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂದು ಕೇಳುವುದೂ ವಿಮರ್ಶೆಯೇ.

1952ರ ಜೂನ್ 5ರಂದು ಕೊಲಂಬಿಯಾ ಬಾಬಾಸಾಹೇಬರನ್ನು ಕರೆದು ಗೌರವ ಡಾಕ್ಟರೇಟ್ ಕೊಟ್ಟಿತು. ಇಂದು ಅಲ್ಲಿನ ಲೇಮನ್ ಗ್ರಂಥಾಲಯದಲ್ಲಿ ಅವರ ಅರ್ಧಪ್ರತಿಮೆ ಇದೆ. ನಮ್ಮ ಭಾಷಣಕಾರರು ಇದನ್ನು ಕೊಲಂಬಿಯಾ ನಮಗೆ ಕೊಟ್ಟ ಮರ್ಯಾದೆ ಎಂದು ಹೇಳುತ್ತಾರೆ. ನಾನು ಲೆಕ್ಕವನ್ನು ತಿರುಗಿಸಿ ಹೇಳುತ್ತೇನೆ. ಇಂದು ಕರ್ನಾಟಕದ ಯಾವುದೋ ಕೇರಿಯಲ್ಲಿ ಅಕ್ಷರ ಬಾರದ ಹೆಂಗಸರಿಗೂ ಕೊಲಂಬಿಯಾ ಎಂಬ ಹೆಸರು ಗೊತ್ತಿದ್ದರೆ ಅದು ಯಾವ ಪಟ್ಟಿಯ ಯಾವ ನಂಬರಿನಿಂದಲೂ ಅಲ್ಲ. ಒಬ್ಬ ಮಹಾರ್ ಹುಡುಗ ಮೂರು ವರ್ಷ ಅಲ್ಲಿ ಕೂತು ಓದಿದ್ದರಿಂದ.

ಅವ್ವ ಈಗ ಇಲ್ಲ. ಕಳೆದ ಏಪ್ರಿಲ್ 14ರಂದು ಅದೇ ಕೇರಿಯಲ್ಲಿ ನನ್ನನ್ನೇ ಭಾಷಣಕ್ಕೆ ಕರೆದಿದ್ದರು. ಕೊಲಂಬಿಯಾದ ಮಾತು ಬಂದಾಗ ಅದು ಜಗತ್ತಿನಲ್ಲಿ ಎಷ್ಟನೆಯದು ಎಂದು ನಾನು ಹೇಳಲಿಲ್ಲ. ಜೋ ಎಂಬ ಗುಲಾಮನ ಕಥೆ ಹೇಳಿದೆ, ಗುಡ್ಡದ ಬುಡದ ಬಾಗಿಲಿನ ಕಥೆ ಹೇಳಿದೆ. ಮುಗಿದ ಮೇಲೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಹತ್ತಿರ ಬಂದು ಕೇಳಿದಳು: "ಅಣ್ಣ, ಆ ಕೆಳಗ್ಲ್ ಬಾಗ್ಲು ಕಟ್ನೇ ಇಲ್ವಾ ಆಮೇಲೆ?"

"ಇಲ್ಲ ಕಣವ್ವ, ಕಟ್ಟಕ್ಕೆ ಬುಡ್ನಿಲ್ಲ" ಅಂದೆ.